ಉಳಿಸಿಕೊಂಡ ಉಸಿರು

ಯುಗಾದಿ ಹತ್ತಿರ ಬಂತೆಂದರೆ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಸೀಮೆಯಲ್ಲಿ ಶ್ರೀಶೈಲ ಪಾದಯಾತ್ರೆಯ ಮಾತು. ಹೊಸದಾಗಿ ಹೊರಟವರಿಗೆ ಹಳಬರು ಹೇಳುವ ಬುದ್ಧಿ ಒಂದೇ: ಮೊದಲ ದಿನ ಅವಸರ ಬೇಡ. ಕಸುವಿದ್ದಾಗಲೇ ಅದನ್ನು ತಡೆದು ನಡೆದವರು ಮಲ್ಲಯ್ಯನ ಗುಡಿ ಮುಟ್ಟುತ್ತಾರೆ. ಮೊದಲ ಮ್ಯಾರಥಾನಿಗೆ ಸಿದ್ಧರಾಗುವ ನಮ್ಮ ಮಕ್ಕಳಿಗೂ ಇದೇ ಬುದ್ಧಿ ಸಲ್ಲುತ್ತದೆ. ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟು, ಜಿದ್ದಿಗೆ ಬೀಳದೆ ನಿಧಾನವಾಗಿ ಓಡಿ ಮುಗಿಸುವುದು ಒಳ್ಳೆಯ ತಯಾರಿ ಎಂದು ನಾನು ನಂಬುತ್ತೇನೆ.

ಮ್ಯಾರಥಾನ್ 42.195 ಕಿ.ಮೀ., ಹಾಫ್ 21.0975. ಕಾಗದದ ಮೇಲೆ ಎರಡು ಅರ್ಧ ಸೇರಿದರೆ ಒಂದು ಪೂರ್ಣ. ಕಾಲಿನ ಲೆಕ್ಕವೇ ಬೇರೆ. ಸ್ನಾಯು, ಯಕೃತ್ತುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಇಂಧನ ಸುಮಾರು 30 ಕಿ.ಮೀ. ದಾಟುವ ಹೊತ್ತಿಗೆ ಬರಿದಾಗತೊಡಗುತ್ತದೆ. ವೇಗ ಹೆಚ್ಚಿದಷ್ಟೂ ಅದು ಬೇಗ ಕರಗುತ್ತದೆ. ನಿಧಾನದ ದೀರ್ಘ ಓಟಗಳಿಂದ ದೇಹ ಕೊಬ್ಬನ್ನು ಹೆಚ್ಚು ಬಳಸಲು ಪಳಗುತ್ತದೆ. ಪಕ್ಕದವರೊಡನೆ ತಡೆಯಿಲ್ಲದೆ ಮಾತಾಡುವಷ್ಟು ಉಸಿರಿದ್ದರೆ ವೇಗ ಸರಿಯಾಗಿದೆ. ಹಾಗೆ ಓಡಿದವರು ಕೆಲವೇ ದಿನಗಳಲ್ಲಿ ಅಭ್ಯಾಸಕ್ಕೆ ಮರಳುತ್ತಾರೆ. ಇದ್ದ ಶಕ್ತಿಯನ್ನೆಲ್ಲ ಸುರಿದವರಿಗೆ ಸುಧಾರಿಸಿಕೊಳ್ಳಲು ವಾರ ಸಾಲದು.

ನಿಧಾನವಾಗಿಯೇ ಓಡುವುದಾದರೆ ನಾರಾಯಣಪುರ ಬಲದಂಡೆ ಕಾಲುವೆಯ ದಾರಿ ಸಾಲದೆ? ಶುಲ್ಕ, ಬಸ್ ಚಾರ್ಜು ಯಾಕೆ? ಒಕ್ಕಲುತನದ ಮನೆಯಲ್ಲಿ ಈ ಪ್ರಶ್ನೆ ಹಗುರವಲ್ಲ. ವಾರವಾರದ ಓಟಕ್ಕೆ ಕಾಲುವೆಯ ದಾರಿ ಧಾರಾಳವಾಯಿತು. ಆದರೆ ಅಲ್ಲಿ ಗುಂಪಿಲ್ಲ, ಚಪ್ಪಾಳೆಯಿಲ್ಲ, ನಮ್ಮನ್ನು ಹಿಂದೆ ಹಾಕಿ ಹೋಗುವವರಿಲ್ಲ. ನೂರಾರು ಜನ ದಾಟಿ ಹೋಗುವಾಗ ನಮ್ಮ ಹೆಜ್ಜೆಯನ್ನು ನಾವೇ ಹಿಡಿದುಕೊಳ್ಳುವುದನ್ನು, ಓಡುತ್ತಲೇ ನೀರು ಕುಡಿಯುವುದನ್ನು ಗುಂಪಿನಲ್ಲೇ ಕಲಿಯಬೇಕು. ಒಂದು ಸಲದ ಖರ್ಚು ಅದಕ್ಕೆ ತಕ್ಕದ್ದು.

ಜೋರಾಗಿ ಓಡಿದರೆ ತಾನೆ ನಮ್ಮ ಅಳವು ತಿಳಿಯುವುದು ಎನ್ನುವವರೂ ಇದ್ದಾರೆ. ಹತ್ತಾರು ಓಟ ಕಂಡವರಿಗೆ ಅದು ಸರಿ. ಮೊದಲ ಸಲದವರ ಗುರಿ ಸಮಯವಲ್ಲ, ಮುಟ್ಟುವುದು. ಅವರು ಅಳೆಯಬೇಕಾದ್ದು 21 ಕಿ.ಮೀ. ಮುಗಿದ ಮೇಲೆ ತಮ್ಮಲ್ಲಿ ಇನ್ನೆಷ್ಟು ಉಳಿದಿದೆ ಎಂಬುದನ್ನು.

ಬೆಳಗಾವಿಯ ಫಡೆಪ್ಪ ಚೌಗುಲೆ 1920ರ ಆಂಟ್ವರ್ಪ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ಆ ದಾರಿ 42.75 ಕಿ.ಮೀ., ಇಂದಿಗಿಂತಲೂ ಉದ್ದ. ಅರ್ಧ ದಾರಿಯಲ್ಲಿ ಅವರು ಎಷ್ಟನೆಯವರಾಗಿದ್ದರೆಂದು ಇಂದು ಯಾರೂ ಕೇಳುವುದಿಲ್ಲ.