ದ್ರೌಪದಿ ಒಬ್ಬಳೇ, ಪಾಂಡವರು ಊರಿಗೈವರು

ಪೋರ್ಟೊರಿಕೊದ ಹಾಡುಗಾರ ಬ್ಯಾಡ್ ಬನ್ನಿ 2025ರಲ್ಲಿ ವಿಶ್ವ ಪ್ರವಾಸದ ಲೆಕ್ಕವನ್ನೇ ತಲೆಕೆಳಗು ಮಾಡಿದ. ಊರೂರು ಸುತ್ತುವ ಮೊದಲು ತನ್ನ ದ್ವೀಪದ ರಾಜಧಾನಿ ಸಾನ್ ಹುವಾನ್‌ನ ಒಂದೇ ಸಭಾಂಗಣದಲ್ಲಿ ಮೂವತ್ತಕ್ಕೂ ಹೆಚ್ಚು ರಾತ್ರಿ ಹಾಡಿದ. ಮೊದಲ ಒಂಬತ್ತು ರಾತ್ರಿ ದ್ವೀಪದವರಿಗಷ್ಟೇ ಮೀಸಲು. ಉಳಿದವರು ವಿಮಾನ ಹತ್ತಿ ಬಂದರು. ನವೆಂಬರಿನಲ್ಲಿ ಸಾಂತೊ ಡೊಮಿಂಗೊದಿಂದ ಪ್ರವಾಸ ಹೊರಟಾಗ ಪಟ್ಟಿಯಲ್ಲಿ ಅಮೆರಿಕದ ಮುಖ್ಯ ಭೂಭಾಗವೇ ಇರಲಿಲ್ಲ. ಸಭಾಂಗಣದ ಹೊರಗೆ ವಲಸೆ ಅಧಿಕಾರಿಗಳು ಕಾದು ನಿಂತಾರು ಎಂಬ ಅಂಜಿಕೆಯೂ ಒಂದು ಕಾರಣ ಎಂದು ಅವನೇ ಹೇಳಿದ್ದಾನೆ.

ಆದರೆ ಪ್ರವಾಸ ಹೊರಟ ಮೇಲೆ ಎಲ್ಲವೂ ಹಳೆಯ ಕ್ರಮವೇ. ಮೆಕ್ಸಿಕೊ ನಗರದಲ್ಲಿ ಎಂಟು ರಾತ್ರಿಯೆಂದರೆ ಎಂಟೂ ರಾತ್ರಿ ಅದೇ ವಾದ್ಯಮೇಳ, ಅದೇ ಕುಣಿತದವರು. ಎರಡನೆಯ ವೇದಿಕೆಯಾಗಿ ಕಟ್ಟಿದ ಪುಟ್ಟ ಹಳ್ಳಿಮನೆಯೂ ಜೊತೆಯಲ್ಲೇ ದೇಶ ಸುತ್ತಿತು. ಬದಲಾದದ್ದು ಹೆಚ್ಚಾಗಿ ಕೇಳುವವರೇ.

ಬಳ್ಳಾರಿ ಸೀಮೆಯ ಹಾಡುವ ನಟಿಯ ತಿರುಗಾಟ ಇದಕ್ಕೆ ಪೂರ್ತಿ ಉಲ್ಟಾ.

ಸುಭದ್ರಮ್ಮ ಮನ್ಸೂರು ಅವರನ್ನು ನೆನೆಯಿರಿ. 2020ರ ಜುಲೈನಲ್ಲಿ ತೀರಿಕೊಂಡ ಈ ರಂಗಗಾಯಕಿಯ ಹೆಸರಿನ ಜೊತೆಗೇ ಬರುವುದು ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ ನಾಟಕದ ದ್ರೌಪದಿ. ಕಂಪನಿ ನಾಟಕದ ಕಾಲದಲ್ಲಾದರೂ ಪರದೆ, ಪೇಟಿ, ಜೊತೆಗಾರರು ಎಲ್ಲ ಕಟ್ಟಿಕೊಂಡೇ ಕ್ಯಾಂಪು ಬದಲಾಗುತ್ತಿತ್ತು. ಹಳ್ಳಿಯ ಹವ್ಯಾಸಿ ನಾಟಕದಲ್ಲಿ ಹಾಗಲ್ಲ. ಸಿರುಗುಪ್ಪದ ಕಡೆ ತುಂಗಭದ್ರೆಯ ನೀರಿನ ಭತ್ತ ಕೊಯ್ದು ಕೈ ಬಿಡುವಾದಾಗ, ಕುರುಗೋಡು ಸುತ್ತಿನ ಹಳ್ಳಿಗಳಲ್ಲಿ ಜಾತ್ರೆಯೋ ಉಗಾದಿಯೋ ಹತ್ತಿರವಾದಾಗ, ಊರ ಹುಡುಗರು ವಂತಿಗೆ ಹಾಕಿ ನಾಟಕ ಹಿಡಿಯುತ್ತಾರೆ. ಹಾರ್ಮೋನಿಯಂ ಮಾಸ್ತರರು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ. ಸ್ತ್ರೀ ಪಾತ್ರಕ್ಕೆ ಬಳ್ಳಾರಿಯಿಂದಲೋ ಮರಿಯಮ್ಮನಹಳ್ಳಿಯಿಂದಲೋ ಕಲಾವಿದೆ ಬರುವುದು ಹೆಚ್ಚಾಗಿ ನಾಟಕದ ಹೊತ್ತಿಗೇ.

ಅಂದರೆ ಅವಳಿಗೆ ಪೇಟಿ ಹೊಸದು, ತಬಲದವ ಹೊಸಬ, ಧರ್ಮರಾಯನ ಮುಖ ಕಂಡದ್ದು ಬಣ್ಣದ ಕೋಣೆಯಲ್ಲಿ. ಭೀಮ ಮಾತು ಮರೆತರೆ ಅವನ ಮಾತನ್ನೂ ತನ್ನ ಮಾತಿನೊಳಗೆ ಸೇರಿಸಿ ದಾಟಿಸಬೇಕು. ಮಾಸ್ತರರ ಶ್ರುತಿ ತನ್ನ ಕಂಠಕ್ಕೆ ಒಗ್ಗದಿದ್ದರೆ ಮೊದಲ ಆಲಾಪದಲ್ಲೇ ಅವರನ್ನು ಎಳೆದು ತರಬೇಕು. ಮಕ್ಕಳನ್ನು ಕಳೆದುಕೊಂಡ ದ್ರೌಪದಿ ಅಳುತ್ತಿರುವಾಗಲೇ ಯಾರೋ ಹಾರ ಹಿಡಿದು ರಂಗಕ್ಕೆ ಏರಿ ಆಯೇರಿ (ಉಡುಗೊರೆ) ಮಾಡಬಹುದು, ಇನ್ಯಾರೋ ‘ಒನ್ಸ್ ಮೋರ್’ ಕೂಗಬಹುದು. ಶೋಕವನ್ನು ಅಲ್ಲಿಯೇ ನಿಲ್ಲಿಸಿ, ನಮಸ್ಕರಿಸಿ, ಮತ್ತೆ ಅದೇ ಸ್ವರದಲ್ಲಿ ಹಿಡಿಯುವುದು ದೊಡ್ಡ ಕ್ರೀಡಾಂಗಣದಲ್ಲಿ ಹಾಡುವುದಕ್ಕಿಂತ ಸುಲಭದ ವಿದ್ಯೆಯೇನಲ್ಲ.

ಇದೇ ಬಳ್ಳಾರಿಯ ವಕೀಲ, ನಟ ರಾಘವ (1880–1946) ನಾಟಕದಲ್ಲಿ ಹಾಡು, ಪದ್ಯ ಅತಿಯಾಯಿತೆಂದು ಅವನ್ನು ತಗ್ಗಿಸಿ ಅಭಿನಯಕ್ಕೆ ಒತ್ತು ಕೊಟ್ಟವರು. ಇಂಗ್ಲೆಂಡಿಗೂ ಹೋಗಿ ಬಂದವರು. ಊರು ಅವರ ಹೆಸರಿನಲ್ಲಿ ರಂಗಮಂದಿರ ಕಟ್ಟಿತು, ಹಾಡನ್ನು ಮಾತ್ರ ಬಿಡಲಿಲ್ಲ. ರಾಘವರ ವಾದ ಸರಿಯೇ ಇದ್ದೀತು. ಆದರೆ ಕಲಾವಿದೆಯೊಡನೆ ತಾಲೀಮಿಲ್ಲದೆ ಸೇರಿದ ಇಪ್ಪತ್ತು ಜನರನ್ನು ಬೆಳಗಿನ ಜಾವದವರೆಗೆ ಒಂದೇ ನಾಟಕದಲ್ಲಿ ಕೂಡಿಸಿಟ್ಟದ್ದು ಆ ಹಾಡೇ: ಪಲ್ಲವಿ ಎತ್ತಿಕೊಂಡರೆ ಸಾಕು, ಪೇಟಿಯವರಿಗೂ ಭೀಮನಿಗೂ ತಾವು ಎಲ್ಲಿದ್ದೇವೆಂದು ಗೊತ್ತಾಗುತ್ತಿತ್ತು.

ಈಗಲೂ ಸುಗ್ಗಿ ಮುಗಿದ ಮೇಲೆ ಈ ರಸ್ತೆಗಳಲ್ಲಿ ನಾಟಕದ ಫ್ಲೆಕ್ಸ್ ಕಾಣುತ್ತವೆ. ದುರ್ಯೋಧನನ ಫೋಟೊ ಎಷ್ಟು ದೊಡ್ಡದಿರಬೇಕೆಂಬ ಜಗಳ ವಂತಿಗೆಯ ಲೆಕ್ಕದಲ್ಲಿ ತೀರುತ್ತದೆ. ಕಲಾವಿದೆಯ ಫೋಟೊದ ಬಗ್ಗೆ ಜಗಳವಿಲ್ಲ. ಜನ ಬರುವುದು ಯಾರ ಹಾಡಿಗೆಂದು ದುರ್ಯೋಧನನಿಗೂ ಗೊತ್ತು.