ನೀರು ಕುಡಿಯಿರಿ ಎನ್ನುವವರಿಗೆ ಕೆಲವು ಪ್ರಶ್ನೆಗಳು

ಬೆಳಿಗ್ಗೆ ಐದಕ್ಕೆ ಏಳಿ. ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ. ಹತ್ತು ಸಾವಿರ ಹೆಜ್ಜೆ ನಡೆಯಿರಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಎಂಟು ಗಂಟೆ ನಿದ್ದೆ ಮಾಡಿ. ಮಲಗುವ ಮುನ್ನ ಆ ದಿನ ನಡೆದ ಮೂರು ಒಳ್ಳೆಯ ಸಂಗತಿಗಳನ್ನು ಡೈರಿಯಲ್ಲಿ ಬರೆದಿಡಿ. ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಇದೆಲ್ಲ ಅಭ್ಯಾಸವಾಗುತ್ತದೆ, ಆಮೇಲೆ ದೇಹಕ್ಕೂ ಮನಸ್ಸಿಗೂ ಯಾವ ಕಾಟವೂ ಇರುವುದಿಲ್ಲ.

ಈ ಪಟ್ಟಿಯನ್ನು ನೀವೂ ಓದಿರುತ್ತೀರಿ. ಫ್ಯಾಮಿಲಿ ಗ್ರೂಪಿನಲ್ಲಿ ಯಾರೋ ಹಾಕಿರುತ್ತಾರೆ, ಭಾನುವಾರದ ಪುರವಣಿಯಲ್ಲಿ ಬಂದಿರುತ್ತದೆ, ಇಲ್ಲವೇ ರೀಲ್ಸಿನಲ್ಲಿ ಬಿಳಿ ಗೋಡೆಯ ಮುಂದೆ ಕೂತ ಒಬ್ಬರು ನಗುನಗುತ್ತಾ ಹೇಳಿರುತ್ತಾರೆ. ಇದರಲ್ಲಿ ಸುಳ್ಳೇನಿದೆ ಎಂದು ನೀವು ಕೇಳಬಹುದು. ಹೆಚ್ಚೇನೂ ಇಲ್ಲ. ನಡೆಯುವುದು ಒಳ್ಳೆಯದು, ನಿದ್ದೆ ಬೇಕು, ನೀರು ಬೇಕು. ನನ್ನ ತಕರಾರು ಈ ಪಟ್ಟಿ ಯಾರನ್ನು ಉದ್ದೇಶಿಸಿ ಮಾತಾಡುತ್ತದೆ ಎನ್ನುವುದರ ಬಗ್ಗೆ. ದಿನದ ಇಪ್ಪತ್ನಾಲ್ಕು ಗಂಟೆಯೂ ತನ್ನ ಕೈಯಲ್ಲೇ ಇರುವ ಒಬ್ಬ ಮನುಷ್ಯನನ್ನು ಅದು ಕಲ್ಪಿಸಿಕೊಂಡಿದೆ. ಅಂಥವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ? ಉಳಿದವರು ಪಟ್ಟಿಯಂತೆ ಬದುಕಲಾಗದೆ ಹೋದಾಗ ಅದು ಅವರ ಸೋಮಾರಿತನ, ಮನೋಬಲದ ಕೊರತೆ ಎಂದಾಗಿಬಿಡುತ್ತದೆ. ಆರೋಗ್ಯದ ಪ್ರಶ್ನೆ ನೋಡನೋಡುತ್ತಲೇ ನಡತೆಯ ಪ್ರಶ್ನೆಯಾಗುತ್ತದೆ. ಇದನ್ನು ನಾನು ಒಪ್ಪುವುದಿಲ್ಲ.

ಮೊದಲು ಈ ಸಂಖ್ಯೆಗಳನ್ನೇ ನೋಡೋಣ. ಹತ್ತು ಸಾವಿರ ಹೆಜ್ಜೆಯ ಮಾತು ಹುಟ್ಟಿದ್ದು ಆಸ್ಪತ್ರೆಯಲ್ಲೂ ಅಲ್ಲ, ಪ್ರಯೋಗಾಲಯದಲ್ಲೂ ಅಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಯಾಮಾಸಾ ಎಂಬ ಜಪಾನಿನ ಕಂಪನಿ ಹೆಜ್ಜೆ ಎಣಿಸುವ ಒಂದು ಉಪಕರಣವನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಹೆಸರು ‘ಮಾನ್ಪೋಕೇ’, ಅಂದರೆ ‘ಹತ್ತು ಸಾವಿರ ಹೆಜ್ಜೆಯ ಮೀಟರು’. ಮಾರಾಟಕ್ಕೆಂದು ಇಟ್ಟ ಆ ಹೆಸರು ಇವತ್ತು ನಮ್ಮ ಫೋನುಗಳಲ್ಲಿ ಗುರಿಯಾಗಿ ಕೂತಿದೆ. 2019ರಲ್ಲಿ ಐ-ಮಿನ್ ಲೀ ಮತ್ತು ಅವರ ಸಂಗಡಿಗರು ಅಮೆರಿಕದ ಸುಮಾರು 17,000 ಹಿರಿಯ ಮಹಿಳೆಯರ ನಡಿಗೆಯನ್ನು ಅಳೆದು ನೋಡಿದರು. ದಿನಕ್ಕೆ 2,700 ಹೆಜ್ಜೆ ಇಡುವವರಿಗಿಂತ 4,400 ಹೆಜ್ಜೆ ಇಡುವವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆಯಿತ್ತು. ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಇಪ್ಪತ್ತೊಂದು ದಿನದ ಕತೆಯೂ ಹೀಗೆಯೇ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್, ಶಸ್ತ್ರಚಿಕಿತ್ಸೆಯಾದ ಮೇಲೆ ಹೊಸ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕನಿಷ್ಠ ಇಪ್ಪತ್ತೊಂದು ದಿನವಾದರೂ ಬೇಕು ಎಂದು 1960ರಲ್ಲಿ ಬರೆದ. ‘ಕನಿಷ್ಠ’ ಎಂಬ ಮಾತು ದಾರಿಯಲ್ಲೆಲ್ಲೋ ಉದುರಿಹೋಗಿ ‘ಇಪ್ಪತ್ತೊಂದು ದಿನ’ ಮಾತ್ರ ಉಳಿಯಿತು. ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಇಟ್ಟುಕೊಂಡು ಮಾಡಿದ ಅಧ್ಯಯನದಲ್ಲಿ ಒಂದು ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕೆಂದು ಅಂದಾಜಾಯಿತು. ನಡುವೆ ಒಂದು ದಿನ ತಪ್ಪಿದರೆ ಪ್ರಪಂಚವೇನೂ ಮುಳುಗಲಿಲ್ಲ.

ಆ ಅಧ್ಯಯನದಲ್ಲಿ ನನಗೆ ಮುಖ್ಯವೆನಿಸಿದ್ದು ಬೇರೆ. ಭಾಗವಹಿಸಿದವರೆಲ್ಲ ತಮ್ಮ ಹೊಸ ಕೆಲಸವನ್ನು ದಿನದಲ್ಲಿ ಒಮ್ಮೆ ಬಂದೇ ಬರುವ ಒಂದು ಸಂದರ್ಭಕ್ಕೆ ಗಂಟು ಹಾಕಿಕೊಂಡಿದ್ದರು: ಬೆಳಗಿನ ತಿಂಡಿಯಾದ ಮೇಲೆ, ರಾತ್ರಿಯೂಟಕ್ಕೆ ಮುಂಚೆ, ಹೀಗೆ. ಅಭ್ಯಾಸವೆಂದರೆ ಅದೇ, ಒಂದೇ ಸಂದರ್ಭದಲ್ಲಿ ಒಂದೇ ಕೆಲಸ ಮತ್ತೆ ಮತ್ತೆ ಆಗುವುದು. ಹಾಗಿದ್ದರೆ ವಾರಕ್ಕೊಮ್ಮೆ ಪಾಳಿ ಬದಲಾಗುವ ನರ್ಸಿಗೆ, ರಾತ್ರಿ ಯಾವಾಗ ಆರ್ಡರ್ ಬರುತ್ತದೋ ಗೊತ್ತಿಲ್ಲದ ಡೆಲಿವರಿ ಹುಡುಗನಿಗೆ ಆ ಸಂದರ್ಭವನ್ನು ತಂದುಕೊಡುವವರು ಯಾರು? ಅವರಲ್ಲಿ ಇಲ್ಲದಿರುವುದು ದಿನದಿನವೂ ಒಂದೇ ಥರ ಇರುವ ದಿನ. ಅದನ್ನು ಛಲದಿಂದ ಸಂಪಾದಿಸಲು ಆಗುವುದಿಲ್ಲ. ಪಾಳಿಯ ಚೀಟಿ ಬರೆಯುವವರ ಕೈಯಲ್ಲಿ ಅದು ಇದೆ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಚಿಕ್ಕಮ್ಮ ಹನ್ನೊಂದು ವರ್ಷದಿಂದ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಮನೆಯಿಂದ ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗಿ, ಸಂಜೆ ಮುಕ್ಕಾಲು ಬಾಟಲಿ ವಾಪಸು ತರುತ್ತಾರೆ. ಯಾಕೆ ಚಿಕ್ಕಮ್ಮ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದಿಷ್ಟು: “ನೀರು ಕುಡುದ್ರೆ ಎದ್ದು ಹೋಗ್ಬೇಕಾಯ್ತದೆ ಕಣವ್ವ. ಎದ್ದು ಹೋದ್ರೆ ಟಾರ್ಗೆಟ್ ಹಾಳಾಯ್ತದೆ. ಟಾರ್ಗೆಟ್ ಹಾಳಾದ್ರೆ ಎಲ್ಲರ ಮುಂದೆ ಬೈಸ್ಕಬೇಕು.” ವರ್ಷಕ್ಕೆ ಎರಡು ಮೂರು ಸಲ ಉರಿಮೂತ್ರ ಬರುತ್ತದೆ. ಡಾಕ್ಟರ ಬಳಿ ಹೋದರೆ ಚೀಟಿಯ ಕೊನೆಯಲ್ಲಿ ‘ಚೆನ್ನಾಗಿ ನೀರು ಕುಡಿಯಬೇಕು’ ಎಂದು ಬರೆದುಕೊಡುತ್ತಾರೆ. ಚಿಕ್ಕಮ್ಮನಿಗೆ ಆ ಜ್ಞಾನ ಇಲ್ಲದೆ ಇಲ್ಲ. ಆ ಸಲಹೆ ತಲುಪಬೇಕಾಗಿದ್ದದ್ದು ಅವರ ಸೂಪರ್‌ವೈಸರಿಗೆ.

ಇದು ನಾನು ಹೊಸದಾಗಿ ಕಂಡುಹಿಡಿದ ವಿಚಾರವಲ್ಲ, ನಮ್ಮ ಕಾನೂನೇ ಎಂದೋ ಹೇಳಿದ್ದು. 1948ರ ಕಾರ್ಖಾನೆ ಕಾಯ್ದೆ ಕುಡಿಯುವ ನೀರನ್ನೂ ಶೌಚಾಲಯವನ್ನೂ ಕಡ್ಡಾಯ ಮಾಡಿತು. ಕಾರ್ಖಾನೆಯಲ್ಲಿ ಇರುವಷ್ಟು ಹೊತ್ತೂ ಕಾರ್ಮಿಕರು ಶೌಚಾಲಯಕ್ಕೆ ಹೋಗುವಂತಿರಬೇಕು ಎಂದು ಸ್ಪಷ್ಟವಾಗಿ ಬರೆಯಿತು. ಆ ಕಾಯ್ದೆಯನ್ನು ಬರೆದವರು ಆರೋಗ್ಯ ಎಂಬ ಅಧ್ಯಾಯದ ಕೆಳಗೆ ಗಾಳಿ, ಬೆಳಕು, ನೀರು, ಜನದಟ್ಟಣೆ, ಶೌಚಾಲಯ ಇವನ್ನೆಲ್ಲ ಸೇರಿಸಿದ್ದರು. ಆರೋಗ್ಯವನ್ನು ಕಾಯುವ ಜವಾಬ್ದಾರಿಯನ್ನು ಮಾಲೀಕನ ಮೇಲೆ ಹಾಕಿದ್ದರು. ಎಪ್ಪತ್ತೈದು ವರ್ಷ ಕಳೆದ ಮೇಲೆ ನಾವು ಆ ಜವಾಬ್ದಾರಿಯನ್ನು ಚಿಕ್ಕಮ್ಮನ ನೀರಿನ ಬಾಟಲಿಗೆ ವರ್ಗಾಯಿಸಿದ್ದೇವೆ.

ನಿದ್ದೆಯದೂ ಇದೇ ಕತೆ. ಎಂಟು ಗಂಟೆ ಕೆಲಸ, ಎಂಟು ಗಂಟೆ ವಿರಾಮ, ಎಂಟು ಗಂಟೆ ವಿಶ್ರಾಂತಿ ಎಂಬುದು ಹತ್ತೊಂಬತ್ತನೇ ಶತಮಾನದಲ್ಲಿ ಕಾರ್ಮಿಕರು ಕೂಗಿದ ಘೋಷಣೆ. 1886ರ ಮೇ ತಿಂಗಳಲ್ಲಿ ಶಿಕಾಗೋದಲ್ಲಿ ಅದಕ್ಕಾಗಿ ಜೀವಗಳೂ ಹೋದವು. ಎಂಟು ಗಂಟೆಯ ನಿದ್ದೆ ಒಳ್ಳೆಯ ಅಭ್ಯಾಸ ಎನ್ನುವ ಮೊದಲು ಅದು ಹೋರಾಡಿ ಪಡೆದ ಹಕ್ಕಾಗಿತ್ತು. ನಮ್ಮ ಕರ್ನಾಟಕದಲ್ಲಿ ಆದದ್ದೇನು? 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೂ ದುಡಿಸಬಹುದು ಎಂದು ದಾರಿ ಮಾಡಿಕೊಟ್ಟರು. ಕಾರ್ಮಿಕರ ಒಪ್ಪಿಗೆ ಬೇಕು ಎಂಬ ಷರತ್ತೇನೋ ಇತ್ತು. ಟಾರ್ಗೆಟ್ ಹಾಳಾದರೆ ಬೈಸಿಕೊಳ್ಳಬೇಕು ಎಂದು ಹೆದರುವವರ ಒಪ್ಪಿಗೆ ಎಂಥದ್ದಿರುತ್ತದೆ ಎಂದು ನೀವೇ ಊಹಿಸಿ. ಅದೇ ವರ್ಷ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಮರುವರ್ಷ ಐಟಿ ಕಂಪನಿಗಳಲ್ಲಿ ದಿನದ ಕೆಲಸವನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಬಂದು, ನೌಕರರು ಪ್ರತಿಭಟಿಸಬೇಕಾಯಿತು. ಒಂದು ಕಡೆ ಹೆಚ್ಚು ದುಡಿಯಿರಿ ಎಂಬ ಉಪದೇಶ, ಇನ್ನೊಂದು ಕಡೆ ಚೆನ್ನಾಗಿ ನಿದ್ದೆ ಮಾಡಿ ಎಂಬ ಉಪದೇಶ. ಎರಡನ್ನೂ ಒಂದೇ ದಿನದೊಳಗೆ ಕೂರಿಸುವ ಲೆಕ್ಕ ಮಾತ್ರ ನಮ್ಮ ಪಾಲಿಗೆ.

ವಿಶ್ವವಿದ್ಯಾಲಯದ ಒಳಗೂ ಬೇರೆ ಗಾಳಿಯೇನೂ ಬೀಸುತ್ತಿಲ್ಲ. ಇಲ್ಲಿ ವರ್ಷಕ್ಕೆ ಎರಡು ಸಲವಾದರೂ ಒತ್ತಡ ನಿರ್ವಹಣೆಯ ಕಾರ್ಯಾಗಾರ ನಡೆಯುತ್ತದೆ. ಕಣ್ಣು ಮುಚ್ಚಿ ಉಸಿರಾಟ ಗಮನಿಸಿ ಎನ್ನುತ್ತಾರೆ, ನಿಮಗೆ ಸಿಕ್ಕಿರುವುದಕ್ಕೆ ಕೃತಜ್ಞರಾಗಿರಿ ಎನ್ನುತ್ತಾರೆ. ಹೋದ ಸಲ ಹಾಗೆ ಕಣ್ಣು ಮುಚ್ಚಿ ಕೂತವರಲ್ಲಿ ಐದು ತಿಂಗಳಿಂದ ಫೆಲೋಶಿಪ್ ಬರದವರು ನಾವು ಏಳು ಜನ ಇದ್ದೆವು. ಜೆಆರ್‌ಎಫ್ ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಅದು ಸಿಗದವರಿಗೆ ಎಷ್ಟೋ ವರ್ಷಗಳಿಂದ 8,000 ರೂಪಾಯಿಯೇ. ಅದೂ ಇಲ್ಲದವರು ಬೆಳಿಗ್ಗೆ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡಿ, ಸಂಜೆ ಟ್ಯೂಷನ್ ಹೇಳಿ, ರಾತ್ರಿ ಅಧ್ಯಾಯ ಬರೆಯುತ್ತಾರೆ. ಇಪ್ಪತ್ತೆಂಟು ದಾಟಿದ ಮೇಲೂ ಊರಿಗೆ ಹಣ ಕಳಿಸುವ ಬದಲು ಊರಿಂದಲೇ ಹಣ ತರಿಸಿಕೊಳ್ಳುವವಳ ಎದೆಯೊಳಗೆ ಏನಾಗುತ್ತದೆ ಎಂಬುದನ್ನು ಉಸಿರಾಟದ ಲಯಕ್ಕೆ ಇಳಿಸುವುದು ಅವಮಾನ. ಆ ಹೊತ್ತಿನಲ್ಲಿ ನಮ್ಮ ಆತಂಕ ಕಾಯಿಲೆಯಾಗಿರಲಿಲ್ಲ. ನಮ್ಮ ಪರಿಸ್ಥಿತಿಯನ್ನು ನಮ್ಮ ಮನಸ್ಸು ಸರಿಯಾಗಿಯೇ ಓದಿಕೊಂಡಿತ್ತು.

ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ತ್ರಿವೇಣಿಯವರ ‘ಶರಪಂಜರ’ ನಮ್ಮ ಮುಂದಿದೆ. ಓದದವರೂ ಪುಟ್ಟಣ್ಣ ಕಣಗಾಲರ ಸಿನಿಮಾ ನೋಡಿರುತ್ತಾರೆ. ಬಾಣಂತನದ ನಂತರ ಮನಸ್ಸು ಕದಡಿಹೋದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಚಿಕಿತ್ಸೆ ಅದರ ಕೆಲಸ ಮಾಡಿದೆ. ಆದರೆ ಮನೆಯವರ ನೋಟ, ನೆರೆಹೊರೆಯವರ ಪಿಸುಮಾತು, ಗಂಡನ ದೂರ ಸರಿಯುವಿಕೆ ಅವಳನ್ನು ಮತ್ತೆ ಅಲ್ಲಿಗೇ ತಳ್ಳುತ್ತವೆ. ಕಾವೇರಿ ಬೆಳಿಗ್ಗೆ ಐದಕ್ಕೆ ಎದ್ದಿದ್ದರೆ, ಡೈರಿ ಬರೆದಿದ್ದರೆ ಉಳಿದುಕೊಳ್ಳುತ್ತಿದ್ದಳೇ? ಬದಲಾಗಬೇಕಿದ್ದದ್ದು ಅವಳ ಸುತ್ತಲಿನವರ ಅಭ್ಯಾಸ. ಮನಸ್ಸಿನ ಆರೋಗ್ಯ ಒಬ್ಬರ ತಲೆಯೊಳಗೆ ಮಾತ್ರ ಇರುವುದಿಲ್ಲ, ಅದು ಸುತ್ತಲಿನವರ ನಡುವೆಯೂ ಇರುತ್ತದೆ ಎಂದು ಅರವತ್ತು ವರ್ಷಗಳ ಹಿಂದೆಯೇ ಕನ್ನಡದ ಒಬ್ಬ ಲೇಖಕಿ ಕಂಡಿದ್ದರು. ನಾವು ಆ ಕಾದಂಬರಿಗೆ ಪರೀಕ್ಷೆಯಲ್ಲಿ ಹತ್ತು ಅಂಕದ ಉತ್ತರ ಬರೆದು ಮರೆತಿದ್ದೇವೆ.

ಹಿರಿಯರು ಇಲ್ಲಿ ಒಂದು ಗಾದೆ ತೆಗೆಯುತ್ತಾರೆ: ಊಟ ಬಲ್ಲವನಿಗೆ ರೋಗವಿಲ್ಲ. ಶಿಸ್ತು ನಮ್ಮ ಸಂಸ್ಕೃತಿಯಲ್ಲೇ ಇತ್ತು, ನೀವು ಹುಡುಗರು ಬಿಟ್ಟಿರಿ ಎನ್ನುತ್ತಾರೆ. ಗಾದೆ ನಿಜವೇ. ಆದರೆ ಬಲ್ಲವನ ತಟ್ಟೆಗೆ ಹೊತ್ತುಹೊತ್ತಿಗೆ ಬಡಿಸಿದವರು ಯಾರು ಎಂಬುದು ಗಾದೆಯಲ್ಲಿಲ್ಲ. ನನ್ನ ಅಮ್ಮ ಮೂವತ್ತು ವರ್ಷದಿಂದ ನಾಲ್ಕೂವರೆಗೆ ಏಳುತ್ತಾಳೆ. ನಲ್ಲಿಯಲ್ಲಿ ನೀರು ಬರುವುದು ಆಗಲೇ, ಡಬ್ಬಿ ಕಟ್ಟಬೇಕಾದದ್ದೂ ಆಗಲೇ. ದಿನಕ್ಕೆ ಎಷ್ಟು ಹೆಜ್ಜೆ ಇಡುತ್ತಾಳೋ ಯಾರೂ ಎಣಿಸಿಲ್ಲ. ಮಂಡಿನೋವು ಮಾತ್ರ ಬಂದಿದೆ. ಬೇಗ ಏಳುವುದೇ ಆರೋಗ್ಯವಾಗಿದ್ದರೆ ನಮ್ಮ ಅಮ್ಮಂದಿರಿಗಿಂತ, ಬೆಳಗಾಗುವ ಮುಂಚೆ ಬೀದಿ ಗುಡಿಸುವ ಪೌರಕಾರ್ಮಿಕರಿಗಿಂತ ಆರೋಗ್ಯವಂತರು ಈ ನಾಡಿನಲ್ಲಿ ಇರಬಾರದಿತ್ತು.

ಹಾಗಾದರೆ ವ್ಯವಸ್ಥೆ ಬದಲಾಗುವವರೆಗೂ ಸುಮ್ಮನೆ ಮಲಗಿರಬೇಕೇ ಎಂದು ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಖಂಡಿತ ಬೇಡ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಂತೆ ನಡೆಯಬೇಕು, ಏನೂ ಇಲ್ಲದ್ದಕ್ಕಿಂತ ಸ್ವಲ್ಪವಾದರೂ ಮೇಲು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಮಾತಿನಲ್ಲಿ ದರ್ಪವಿಲ್ಲ. ನಾನೂ ನಡೆಯುತ್ತೇನೆ. ರಾತ್ರಿ ನಿದ್ದೆಯೇ ಬಾರದಂತಾದರೆ, ಬದುಕು ಬೇಡವೆನಿಸಿದರೆ, 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್, ಸರ್ಕಾರದ್ದೇ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಸಹಾಯ ಕೇಳುವುದಕ್ಕೂ ನನ್ನ ವಾದಕ್ಕೂ ವಿರೋಧವಿಲ್ಲ. ಒಂದು ದಿನ ನಡೆಯಲಾಗದಿದ್ದರೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ ಎಂದಷ್ಟೇ ನಾನು ಹೇಳುತ್ತಿರುವುದು. ಇಂದು ಯಾಕೆ ಆಗಲಿಲ್ಲ, ಯಾರು ಏನು ಮಾಡಿದ್ದರೆ ಆಗುತ್ತಿತ್ತು ಎಂದು ಕೇಳಿಕೊಳ್ಳಿ. ಉತ್ತರ ಹೆಚ್ಚಾಗಿ ನಿಮ್ಮೊಬ್ಬರ ಹತ್ತಿರ ಇರುವುದಿಲ್ಲ.

ಅಭ್ಯಾಸಕ್ಕೆ ಸಮಯ ಬೇಕು, ಜಾಗ ಬೇಕು, ಜೊತೆಗೆ ಜನ ಬೇಕು. ಈ ಮೂರನ್ನೂ ಕೊಡುವ, ಕಿತ್ತುಕೊಳ್ಳುವ ಅಧಿಕಾರ ಕೆಲವರ ಕೈಯಲ್ಲಿದೆ. ನಮ್ಮ ಆರೋಗ್ಯದ ಬಗ್ಗೆ ಅವರಿಗೆ ನಿಜವಾಗಿ ಕಾಳಜಿಯಿದ್ದರೆ ಮೊದಲು ಅವರ ಅಭ್ಯಾಸಗಳ ಪಟ್ಟಿ ಬರಲಿ. ಫೆಲೋಶಿಪ್ ಪ್ರತಿ ತಿಂಗಳು ಒಂದೇ ತಾರೀಖಿಗೆ ಹಾಕುವ ಅಭ್ಯಾಸ. ರಾತ್ರಿ ಹನ್ನೊಂದಕ್ಕೆ ವಿದ್ಯಾರ್ಥಿಗಳಿಗೆ ಮೆಸೇಜು ಕಳಿಸದಿರುವ ಅಭ್ಯಾಸ. ಕೆಲಸದ ನಡುವೆ ಎದ್ದು ಹೋದ ಹೆಂಗಸಿನ ಮುಂದೆ ಗಡಿಯಾರ ನೋಡದಿರುವ ಅಭ್ಯಾಸ. ಇವಕ್ಕೆ ಅವರು ಇಪ್ಪತ್ತೊಂದು ದಿನ ಬೇಕಾದರೂ ತೆಗೆದುಕೊಳ್ಳಲಿ, 254 ದಿನ ಬೇಕಾದರೂ ತೆಗೆದುಕೊಳ್ಳಲಿ.

ನಾವು ಹುಡುಗಿಯರ ಹಾಸ್ಟೆಲಿನಲ್ಲಿ ಒಂದು ಅರ್ಜಿ ಬರೆದಿದ್ದೇವೆ. ನಮ್ಮ ಗೇಟು ಸಂಜೆ ಏಳಕ್ಕೆ ಮುಚ್ಚುತ್ತದೆ, ಹುಡುಗರದು ಹತ್ತಕ್ಕೆ. ಲೈಬ್ರರಿಯಿಂದ ಬಂದು ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ಏಳಾಗಿರುತ್ತದೆ. ಕ್ಯಾಂಪಸ್ಸಿನ ರಸ್ತೆಗೆ ದೀಪ ಹಾಕಿ, ಒಂಬತ್ತರವರೆಗೆ ನಾವು ನಡೆದಾಡುವಂತೆ ಗೇಟು ತೆರೆದಿಡಿ ಎಂಬುದಷ್ಟೇ ಬೇಡಿಕೆ. ಅರುವತ್ತಕ್ಕೂ ಹೆಚ್ಚು ಜನ ಸಹಿ ಹಾಕಿದ್ದಾರೆ. ಮೂರು ತಿಂಗಳಾಯಿತು, ಉತ್ತರ ಬಂದಿಲ್ಲ. ಮುಂದಿನ ವಾರ ನಾವೆಲ್ಲ ಒಟ್ಟಿಗೆ ಆಫೀಸಿಗೆ ಹೋಗಿ ಕೇಳುವವರಿದ್ದೇವೆ. ಹಾಸ್ಟೆಲಿನಿಂದ ಅಲ್ಲಿಗೆ ಒಂದು ಕಿಲೋಮೀಟರ್. ನಡೆದೇ ಹೋಗುತ್ತೇವೆ.