ತಲೆಯೇ ಇಷ್ಟ ಎಂದವಳು

ಬಂಗುಡೆಯನ್ನು ಕಾವಲಿಯಲ್ಲೇ ಕಾಯಿಸಬೇಕು, ಓವನ್ನಿನಲ್ಲಿ ಬೇಯಿಸಿದ್ದು ಮೀನೇ ಅಲ್ಲ ಎಂದು ನಮ್ಮ ಕರಾವಳಿಯ ಗಂಡಸರು ಅಪ್ಪಣೆ ಕೊಡಿಸುತ್ತಾರೆ. ನಾನೂ ಹಾಗೆ ಹೇಳುತ್ತಿದ್ದವನೇ. ಹೇಳುವವರಲ್ಲಿ ಕಾವಲಿಯ ಮುಂದೆ ನಿಂತವರು ಎಷ್ಟು ಮಂದಿ?

ಲೆಕ್ಕ ಹಾಕೋಣ. ಮನೆಯಲ್ಲಿ 6 ಜನ, ತಲಾ ಎರಡರಂತೆ 12 ಬಂಗುಡೆ. ಕಾವಲಿ ಹಿಡಿಯುವುದು 4. ಒಂದು ಸರದಿಗೆ ಮಗುಚಿ ತೆಗೆಯಲು 10 ನಿಮಿಷ. ಅರ್ಧ ಗಂಟೆ ಎಣ್ಣೆಯ ಸಿಡಿತ, ಮೆಣಸಿನ ಘಾಟು; ಮೇಲಿಂದ ‘ಬಿಸಿಯಾದದ್ದು ತಾ’ ಎಂಬ ಕೂಗು. ಅಮ್ಮ ಉಣ್ಣಲು ಕೂರುವಾಗ ಅನ್ನ ತಣಿದಿರುತ್ತಿತ್ತು. ಉಳಿದಿರುತ್ತಿದ್ದುದು ಎರಡು ತಲೆ, ಒಂದಿಷ್ಟು ಕರಕಲು ಮಸಾಲೆ. ‘ನನಗೆ ತಲೆಯೇ ಇಷ್ಟ’ ಅನ್ನುತ್ತಿದ್ದಳು. ನಾವು ನಂಬಿದ್ದೆವು.

ಓವನ್ನಿನ ಕೆಲಸವೋ ಬಲು ಸುಲಭ. ಮೀನಿನ ಕರುಳು, ಕಿವಿರು ತೆಗೆದು ಎರಡೂ ಬದಿಗೆ ಗೀರು ಹಾಕಿ. ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಹುಣಿಸೆಹುಳಿ, ಅರಸಿನ, ಉಪ್ಪು ಗಟ್ಟಿಯಾಗಿ ಅರೆದು ಮೆತ್ತಿ ಅರ್ಧ ಗಂಟೆ ಬಿಡಿ. ತುಸು ತೆಂಗಿನೆಣ್ಣೆ ಸವರಿ, ಬಾಡಿಸಿದ ಬಾಳೆ ಎಲೆಯಲ್ಲಿ ಮಡಚಿ, ಎರಡು ತಟ್ಟೆಗಳಲ್ಲಿ ಜೋಡಿಸಿ, ಮೊದಲೇ ಕಾದ ಓವನ್ನಿನಲ್ಲಿ 200 ಡಿಗ್ರಿಗೆ 20ರಿಂದ 25 ನಿಮಿಷ ಇಡಿ. ನಡುವೆ ಒಮ್ಮೆ ಮೇಲಿನ ತಟ್ಟೆ ಕೆಳಗೆ, ಕೆಳಗಿನದು ಮೇಲೆ. ಮಾಂಸ ಮುಳ್ಳಿನಿಂದ ಸಲೀಸಾಗಿ ಬಿಟ್ಟರೆ ಬೆಂದಿತು. ಹನ್ನೆರಡೂ ಒಟ್ಟಿಗೆ ಬೇಯುತ್ತವೆ. ಆರೂ ಜನ ಒಟ್ಟಿಗೆ ಕೂರಬಹುದು.

ಕಾವಲಿಯ ಗರಿಗರಿ ಇದಕ್ಕಿಲ್ಲ, ಒಪ್ಪಿದೆ. ಓವನ್ ಎಲ್ಲರ ಮನೆಯಲ್ಲೂ ಇಲ್ಲ, ಅದನ್ನೂ ಒಪ್ಪಿದೆ. ಆದರೆ ಇರುವ ಮನೆಗಳಲ್ಲೂ ಅದು ಮಕ್ಕಳ ಹುಟ್ಟುಹಬ್ಬದ ಕೇಕಿಗಷ್ಟೇ ಬಿಸಿಯಾಗುತ್ತದೆ. ಇದು ಪರದೇಶಿ ಪದ್ಧತಿ ಎಂಬ ವಾದವನ್ನು ಮಾತ್ರ ಒಪ್ಪಲಾರೆ. ನನ್ನ ಅಜ್ಜಿ ಎಲೆಯಲ್ಲಿ ಸುತ್ತಿದ ಮೀನನ್ನು ಕೆಂಡದಲ್ಲಿಟ್ಟು ಬೇಯಿಸುತ್ತಿದ್ದಳು. ನೀವು ಅಭಿಮಾನ ಪಡುವ ಆ ಕೆಂಪು ಮೆಣಸಾದರೋ ಪೋರ್ಚುಗೀಸರ ಜೊತೆ ಹಡಗಿನಲ್ಲಿ ಬಂದದ್ದು!

ಮೊದಲ ಸಲ ಹೀಗೆ ಮಾಡಿ ಅಮ್ಮನನ್ನು ನಮ್ಮ ಪಂಕ್ತಿಯಲ್ಲೇ ಕೂರಿಸಿ ಇಡೀ ಮೀನು ಬಡಿಸಿದೆ. ಅವಳು ನಡುವಿನ ಮಾಂಸವನ್ನು ನಿಧಾನವಾಗಿ ಬಿಡಿಸಿ ತಿಂದಳು. ತಲೆಯನ್ನು ತಟ್ಟೆಯ ಅಂಚಿಗೆ ಸರಿಸಿದಳು.

ರುಚಿಯ ಚರ್ಚೆಗೆ ನಾನು ಸಿದ್ಧ. ಆದರೆ ಮೊದಲು ಒಂದು ಭಾನುವಾರ ಹನ್ನೆರಡು ಬಂಗುಡೆ ನೀವೇ ಕಾಯಿಸಿ, ಎಲ್ಲರೂ ಎದ್ದ ಮೇಲೆ ಉಂಡು ಬನ್ನಿ.